ಶಾಲು ಬಿಟ್ಟು ಫೈಲು ಕೊಟ್ಟೆವು

ವಾಲ್ಮೀಕಿ ಜಯಂತಿ ಬರುವುದು ಸೀಗಿ ಹುಣ್ಣಿಮೆಗೆ. ನಮ್ಮ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಅವತ್ತು ಬೆಳಗ್ಗೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬು ಹೊತ್ತುಕೊಂಡು ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಿ ಪೂಜಿಸಲು, ಹೋಗಿರುತ್ತಾರೆ. ಮೊದಲ ಸಲ ಪ್ರತಿಭಾ ಪುರಸ್ಕಾರ ಇಟ್ಟುಕೊಂಡಾಗ ನಾವು ಇದನ್ನೇ ಮರೆತಿದ್ದೆವು. ಬೆಳಗ್ಗೆ 10 ಗಂಟೆಗೆ ಅಂತ ಕರಪತ್ರ ಹಂಚಿದ್ದೆವು. ಶಾಮಿಯಾನದ ಕೆಳಗೆ ಇದ್ದದ್ದು ಮಕ್ಕಳು, ಮೈಕಿನವನು ಮತ್ತು ನಾವು ನಾಲ್ಕು ಜನ. ಅತಿಥಿಗಳು ಬಂದಾಗ ಮಧ್ಯಾಹ್ನ 1 ಗಂಟೆ. ಆಮೇಲೆ ಭಾಷಣಗಳು. ಅಪ್ಪ ಅವ್ವಂದಿರು ಹೊಲದಿಂದ ಬರುವಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಮಗನ ಕೊರಳಿಗೆ ಹಾರ ಬಿದ್ದದ್ದನ್ನು ಒಬ್ಬ ತಾಯಿಯೂ ನೋಡಲಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಾಯಕ ಸಮುದಾಯದವನು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲನೆಯವನು. ನಾಯಕ, ಬೇಡ, ವಾಲ್ಮೀಕಿ ಅಂತ ಕರೆಸಿಕೊಳ್ಳುವ ನಮ್ಮವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ಆಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅದರಿಂದ ನನಗೇನು ಸಿಗುತ್ತದೆ ಅಂತ ಮನೆಯಲ್ಲಿ ಹೇಳುವವರು ಯಾರೂ ಇರಲಿಲ್ಲ. ಡಿಗ್ರಿ ಮುಗಿದ ಮೇಲೆ ಕಾಲೇಜಿನ ಗುಮಾಸ್ತರೊಬ್ಬರು ಕರೆದು, ಬಿ.ಇಡಿ ಫಾರಂ ಕೈಗಿಟ್ಟು, ಕೂರಿಸಿಕೊಂಡು ತುಂಬಿಸಿದರು. ಅವರು ಅವತ್ತು ರಜೆಯಲ್ಲಿದ್ದಿದ್ದರೆ ನಾನು ಇವತ್ತು ಮಾಸ್ತರನಾಗಿ ಇರುತ್ತಿರಲಿಲ್ಲ. ಇದನ್ನು ನಾನು ಯಾವತ್ತೂ ಮರೆತಿಲ್ಲ. ಆದರೂ ಆ ಮೊದಲ ಕಾರ್ಯಕ್ರಮದಲ್ಲಿ ಮಕ್ಕಳಿಗೆ ನಾವು ಕೊಟ್ಟದ್ದು ಒಂದು ಶಾಲು, ಒಂದು ಹಾರ, ಬಂಗಾರದ ಬಣ್ಣದ ಒಂದು ಮೆಮೆಂಟೊ.

ದೀಪಾವಳಿ ಕಳೆದ ಮೇಲೆ ಅವತ್ತು ಸನ್ಮಾನವಾದ ಹುಡುಗನೊಬ್ಬನ ಮನೆಗೆ ಹೋದೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 78 ತೆಗೆದಿದ್ದ. ಹುಡುಗ ಮನೆಯಲ್ಲಿರಲಿಲ್ಲ. ಚಿಕ್ಕಪ್ಪನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ, ಸೆಂಟ್ರಿಂಗ್ ಕೆಲಸಕ್ಕೆ. ಅವನ ತಾಯಿ ನನ್ನನ್ನು ಕೂರಿಸಿ, ನಾಗೊಂದಿ ಮೇಲಿಂದ ಒಂದು ಗಂಟು ಇಳಿಸಿದರು. ಹಳೇ ಸೀರೆ ತುಂಡು ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಚೀಲ. ಅದರೊಳಗೆ ನಮ್ಮ ಮೆಮೆಂಟೊ. ಒಂದು ಚೂರೂ ಧೂಳು ಕೂತಿರಲಿಲ್ಲ. ಸೆರಗಿನಿಂದ ಮತ್ತೊಮ್ಮೆ ಒರೆಸಿ ನನ್ನ ಮುಂದೆ ಇಟ್ಟರು.

“ಸರ, ಇದನ್ನ ತೋರಿಸಿದ್ರ ಎಲ್ಲೆರ ಕೆಲಸ ಕೊಡ್ತಾರೇನ್ರಿ?”

ನಾನು ಏನು ಹೇಳಲಿ? ಅವರು ಸುಮ್ನೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ದೊಡ್ಡವರೆಲ್ಲ ಸೇರಿ ಮಗನಿಗೆ ಕೊಟ್ಟ ವಸ್ತು ಅಂದಮೇಲೆ ಅದರಿಂದ ಏನೋ ಉಪಯೋಗ ಇರಲೇಬೇಕು ಅಂತ ಅವರು ನಂಬಿದ್ದರು. ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವರ್ಷ ಶಾಲು, ಹಾರ, ಮೆಮೆಂಟೊ ಮೂರನ್ನೂ ಬಿಟ್ಟೆವು. ಆ ದುಡ್ಡಿನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಫೈಲು ತಂದೆವು. ಹಿರಿಯರು ಒಪ್ಪಲಿಲ್ಲ. “ಶಾಲ ಹಾಕಲಾರದ ಅದೆಂಥಾ ಸನ್ಮಾನೋ ತಮ್ಮಾ” ಅಂದರು. ಅವರ ಮಾತಿಗೂ ಬೆಲೆ ಇತ್ತು. ನಮ್ಮ ಜನಕ್ಕೆ ನಾಲ್ಕು ಮಂದಿ ಮುಂದೆ ಮರ್ಯಾದೆ ಸಿಕ್ಕಿರುವುದೇ ಕಡಿಮೆ. ಕೊನೆಗೆ ಒಂದು ದಾರಿ ಕಂಡುಕೊಂಡೆವು. ಫೈಲನ್ನು ಅತಿಥಿಗಳು ಕೊಡುವುದು ಬೇಡ, ಮಗುವಿನ ತಾಯಿಯೇ ವೇದಿಕೆಗೆ ಬಂದು ಕೊಡಲಿ. ಕಾರ್ಯಕ್ರಮ ಸಂಜೆ 6 ಗಂಟೆಗೆ, ಹೊಲದಿಂದ ಎಲ್ಲರೂ ಬಂದು ಕೈಕಾಲು ತೊಳೆದ ಮೇಲೆ. ಅವತ್ತು ಜಾಗ ಸಾಲದೆ ಜನ ಮಾಳಿಗೆ ಮೇಲೆಲ್ಲ ಕೂತಿದ್ದರು.

ಫೈಲಿನಲ್ಲಿ ಏನಿರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೇಲಿನ ಗುರುತಿನ ಸಂಖ್ಯೆ, ಅಂದರೆ ಆರ್‌ಡಿ ನಂಬರು, ದಪ್ಪಕ್ಷರದಲ್ಲಿ ಬರೆದ ಚೀಟಿ. ವ್ಯಾಸಂಗ ಪ್ರಮಾಣಪತ್ರ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮದ ಪ್ರಮಾಣಪತ್ರ. ಸಿಇಟಿಯಲ್ಲಿ ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲು ಇದೆ. ನಮ್ಮ ಮಕ್ಕಳು ಬಹುಪಾಲು ಎರಡಕ್ಕೂ ಬರುತ್ತಾರೆ. ಆಮೇಲೆ ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಅದಿಲ್ಲದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಕೈಗೆ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಕಲ್ಯಾಣ ಕರ್ನಾಟಕದವರು ಅಂತ ತೋರಿಸುವ 371(ಜೆ) ಪ್ರಮಾಣಪತ್ರ. ಇದರಲ್ಲಿ ನಾನು ಒಂದು ಪಾಠ ಕಲಿತಿದ್ದೇನೆ, ಅದಕ್ಕೆ ಬೆಲೆ ತೆತ್ತದ್ದು ಮಾತ್ರ ಒಬ್ಬ ಹುಡುಗಿ. ಅವಳ ಅಂಕ ಚೆನ್ನಾಗಿತ್ತು, ರ‍್ಯಾಂಕೂ ಬಂದಿತ್ತು. ಅವಳ ಕಾಗದಗಳಲ್ಲಿ ಅಪ್ಪನ ಹೆಸರು ಒಂದರಲ್ಲಿ ಹನುಮಂತ, ಇನ್ನೊಂದರಲ್ಲಿ ಹಣಮಂತ ಅಂತ ಇತ್ತು. ನಮ್ಮ ಕಡೆ ಬಾಯಲ್ಲಿ ಹೇಳುವುದು ಹಣಮಂತ ಅಂತಲೇ, ಅಲ್ವಾ? ಕಚೇರಿಯಲ್ಲಿ ಅರ್ಜಿ ವಾಪಸ್ ಕಳಿಸಿದರು. ತಿದ್ದಿಸಿ ಮತ್ತೆ ಹಾಕಿ ಪ್ರಮಾಣಪತ್ರ ಕೈಗೆ ಬಂದಾಗ ದಾಖಲೆ ಪರಿಶೀಲನೆಯ ಕೊನೆಯ ದಿನ ದಾಟಿ ನಾಲ್ಕು ದಿನವಾಗಿತ್ತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನವರಿಗೆ, ರಾಜ್ಯದ ಉಳಿದ ಕಡೆ ಶೇ 8. ನೌಕರಿಯಲ್ಲೂ ಇಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಇಷ್ಟೆಲ್ಲ ಇದ್ದೂ ಒಂದು ಅಕ್ಷರದಿಂದ ಅವಳಿಗೆ ಸೀಟು ತಪ್ಪಿತು. ಅವಳು ಈಗ ಬಿ.ಎ ಓದುತ್ತಿದ್ದಾಳೆ, ಧೈರ್ಯವಾಗಿದ್ದಾಳೆ. ನನಗೆ ಮಾತ್ರ ಅದು ಇನ್ನೂ ಚುಚ್ಚುತ್ತದೆ. ಅವಳ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕಾದವನು ನಾನು.

ಅಂದಿನಿಂದ ನಾವು ಒಂಬತ್ತನೇ ತರಗತಿಯಲ್ಲೇ ಹೆಸರು ತಾಳೆ ನೋಡುತ್ತೇವೆ. ಆಧಾರ್, ಶಾಲೆಯ ದಾಖಲೆ, ಜಾತಿ ಪ್ರಮಾಣಪತ್ರ, ಪಹಣಿ ನಾಲ್ಕನ್ನೂ ಚಾಪೆ ಮೇಲೆ ಹರವಿ ಅಕ್ಷರ ಅಕ್ಷರ ಓದಿಸುತ್ತೇವೆ. ಮಕ್ಕಳೇ ಓದಬೇಕು. 2022ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಶೇ 3ರಿಂದ 7ಕ್ಕೆ ಏರಿದಾಗ ನಮ್ಮ ಓಣಿಯಲ್ಲೂ ಸಿಹಿ ಹಂಚಿದ್ದರು. ಆ ಏರಿಕೆ ನಮ್ಮ ಮನೆ ಬಾಗಿಲಿಗೆ ಬರಬೇಕಾದರೆ ಈ ಚಾಪೆ ಹಾಸಲೇಬೇಕು.

ಯಾರನ್ನು ಸನ್ಮಾನಿಸಬೇಕು ಅನ್ನುವುದನ್ನೂ ಬದಲಾಯಿಸಿದೆವು. ಮೊದಲು ಶೇ 75 ದಾಟಿದವರಿಗೆ ಮಾತ್ರ ಇತ್ತು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ನನ್ನದೇ ವಿಷಯದಲ್ಲಿ ಎರಡು ಸಲ ಬಿದ್ದು ಪರೀಕ್ಷೆ-3ರಲ್ಲಿ ಪಾಸಾದ ಹುಡುಗನನ್ನೂ ಕರೆದೆವು. ಹಗಲು ಹತ್ತಿ ಬಿತ್ತುವ ಕೆಲಸ, ರಾತ್ರಿ ನಮ್ಮ ಮನೆ ಪಡಸಾಲೆಯಲ್ಲಿ ಲೆಕ್ಕ. ಅವನ ಅವ್ವ ಫೈಲು ಕೊಟ್ಟಾಗ ಬಿದ್ದಷ್ಟು ಚಪ್ಪಾಳೆ ಮೊದಲ ಸ್ಥಾನ ಬಂದವಳಿಗೂ ಬೀಳಲಿಲ್ಲ.

ಫೈಲು ಕೊಟ್ಟಾದ ಮೇಲೆ ಭಾಷಣ ಇಲ್ಲ. ಬೇವಿನ ಮರದ ಕಟ್ಟೆ ಸುತ್ತ ಕೆಲಸದಲ್ಲಿರುವ ನಮ್ಮವರೇ ಕೂರುತ್ತಾರೆ. ಒಂದೇ ಷರತ್ತು, ತಮ್ಮ ಕೆಲಸದ ಸಾಮಾನು ತರಬೇಕು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರು ಹೆಲ್ಮೆಟ್ಟು ತಂದಿದ್ದರು, ಅದು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತಲೇ ಇತ್ತು. ಬಸ್ ಕಂಡಕ್ಟರ್ ಟಿಕೆಟ್ ಮಷೀನು, ಜೆಸ್ಕಾಂ ಲೈನ್‌ಮನ್ ಕಂಬ ಹತ್ತುವಾಗ ಕಟ್ಟುವ ಬೆಲ್ಟು. ಬುಟ್ಟಿ ಹೆಣೆಯುವ ಮೇದಾರರ ಮನೆಯಿಂದ ಬಂದ ನರ್ಸ್ ಬಿಪಿ ನೋಡುವ ಮಷೀನು ತಂದು ಊರ ಮುದುಕಿಯರನ್ನೆಲ್ಲ ಸಾಲಾಗಿ ಕೂರಿಸಿದರು. ಹೆಣ್ಣುಮಕ್ಕಳು ಅವರ ಸುತ್ತಲೇ ಇದ್ದರು. ಮಕ್ಕಳು ಕೇಳುವ ಮೊದಲ ಪ್ರಶ್ನೆ ಯಾವತ್ತೂ ಒಂದೇ: “ಪಗಾರ ಎಷ್ಟ್ರಿ?” ಕೆಲವರಿಗೆ ಮುಜುಗರವಾಯಿತು. ಮುಚ್ಚಿಡದೆ ಹೇಳಿ ಅಂತ ನಾನೇ ಕೇಳಿಕೊಂಡೆ. ಕೂಲಿಯ ಲೆಕ್ಕ ಚೆನ್ನಾಗಿ ಗೊತ್ತಿರುವ ಮಕ್ಕಳು ಅವರು. ಅವರಿಗೆ ಹೋಲಿಸಿ ನೋಡಲು ಒಂದು ಸಂಖ್ಯೆ ಬೇಕು.

ಲೈನ್‌ಮನ್ ಹೇಳಿದ ಮಾತೊಂದು ಇಡೀ ಊರಿನ ಲೆಕ್ಕಾಚಾರ ಬದಲಿಸಿತು. ಕಿರಿಯ ಪವರ್‌ಮನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು. 8 ಮೀಟರ್ ಕಂಬ ಹತ್ತುವುದು ಕಡ್ಡಾಯ, ಓಟ, ಸ್ಕಿಪ್ಪಿಂಗ್, ಗುಂಡು ಎಸೆತವೂ ಇದೆ. ಆಮೇಲೆ ಆಯ್ಕೆ ಎಸ್ಸೆಸ್ಸೆಲ್ಸಿ ಅಂಕದ ಮೇಲೆ. “ಬರೇ ಪಾಸಾದ್ರ ಸಾಕು ಅನ್ನಬ್ಯಾಡ್ರಿ, ಒಂದೊಂದ ಮಾರ್ಕಿಗೂ ಕೆಲಸ ಐತಿ” ಅಂದರು ಅವರು. ತರಗತಿಯಲ್ಲಿ ನಾನು ವರ್ಷಗಟ್ಟಲೆ ಹೇಳಿ ಆಗದ್ದು ಆ ಬೆಲ್ಟಿನಿಂದ ಒಂದೇ ಸಂಜೆಯಲ್ಲಿ ಆಯಿತು.

2024ರಲ್ಲಿ ಆ ಹುದ್ದೆಗಳಿಗೆ ಅರ್ಜಿ ಕರೆದಾಗ ಆ 78ರ ಹುಡುಗನಿಗೆ ಫೋನ್ ಮಾಡಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ. ಹಿರಿಯರೊಬ್ಬರ ಹೊಲದಲ್ಲಿ ತಂತಿ ತೆಗೆದ ಹಳೇ ಕಂಬವೊಂದಿತ್ತು. ಲೈನ್‌ಮನ್ ಬಂದು ಗಟ್ಟಿ ಇದೆಯೇ ಅಂತ ಅಲುಗಾಡಿಸಿ ನೋಡಿದ ಮೇಲೆ, ಬುಡಕ್ಕೆ ಎರಡು ಬಂಡಿ ಭತ್ತದ ಹುಲ್ಲು ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಿಸಿದೆವು. ಮೊದಲ ದಿನ ಎದೆಯೆತ್ತರವೂ ಹತ್ತಲಿಲ್ಲ, ಜಾರುತ್ತಿತ್ತು. ಪಾದ ಹೇಗೆ ಕಚ್ಚಿ ಹಿಡಿಯಬೇಕು, ಮಂಡಿ ಎಷ್ಟು ಅಗಲಿಸಬೇಕು ಅಂತ ತಿಳಿಯಲು ಮೂರು ವಾರ ಬೇಕಾಯಿತು. ಪರೀಕ್ಷೆಯಲ್ಲಿ ಕಂಬ ಹತ್ತಿದ. ಉಳಿದದ್ದರಲ್ಲಿ ಹಿಂದೆ ಬಿದ್ದ. ಆದರೆ ಈ ಸಲ ಬೆಂಗಳೂರಿಗೆ ವಾಪಸ್ ಹೋಗಲಿಲ್ಲ. ಐಟಿಐ ಎಲೆಕ್ಟ್ರಿಷಿಯನ್‌ಗೆ ಸೇರಿದ್ದಾನೆ. ಎರಡು ವರ್ಷದ ಐಟಿಐ ಮುಗಿಸಿದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು ಅಂತ ಅವನೇ ಈಗ ಬೇರೆಯವರಿಗೆ ಹೇಳುತ್ತಾನೆ. ಭಾನುವಾರ ಬೆಳಗ್ಗೆ ಆ ಕಂಬದ ಹತ್ತಿರ ಚಿಕ್ಕ ಹುಡುಗರಿಗೆ ಕಲಿಸುವುದೂ ಅವನೇ.

ಇನ್ನೊಬ್ಬಳ ವಿಷಯ ಹೇಳಲೇಬೇಕು. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸುತ್ತಿದ್ದ ಹುಡುಗಿ. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಸೈನ್ಸ್ ಓದಿದಳು. ಬಿ.ಎಸ್ಸಿ ಕೃಷಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಕಳೆ, ಕೀಟ, ಉಪಕರಣ ಗುರುತಿಸಿ ಹೇಳಬೇಕು ಅಂತ ಗೊತ್ತಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಬರೆಯುತ್ತಿರುವ ಪರೀಕ್ಷೆ ಅದು!

ಅವರ ಅಂಗಳದಲ್ಲಿ ಹದಿನಾರು ತಟ್ಟೆ ಇಟ್ಟೆವು. ತೊಗರಿ, ಕುಸುಬೆ, ಅಗಸೆ, ಗುರೆಳ್ಳು, ನವಣೆ, ಸಜ್ಜೆ, ಯೂರಿಯಾ, ಡಿಎಪಿ, ಹೀಗೆ. ಒಂದು ತಟ್ಟೆಯನ್ನು ನಾನೇ ಸಾವೆ ಅಂದೆ. ಒಲೆ ಮುಂದೆ ಕೂತಿದ್ದ ಅಜ್ಜಿ ತಿರುಗಿಯೂ ನೋಡದೆ, “ಸಾವಿ ಅಲ್ರಿ ಮಾಸ್ತರ, ಅದು ಬರಗು. ಸಾವಿ ಇಷ್ಟು ದುಂಡಗ ಇರಂಗಿಲ್ಲ” ಅಂದರು. ಅಜ್ಜಿಯನ್ನೇ ನಮ್ಮ ಪರೀಕ್ಷಕರನ್ನಾಗಿ ಮಾಡಿಕೊಂಡೆವು. ಹುಡುಗಿಗೆ ಗೊತ್ತಿಲ್ಲದ್ದು ಬೀಜಗಳಲ್ಲ, ಹೇಳುವ ಮಾತು. ಎಡೆಕುಂಟೆ ಅವಳ ಕೈಯಲ್ಲಿ ಆಡಿದ ವಸ್ತು. ಅದರಿಂದ ಮಾಡುವುದಕ್ಕೆ ಅಂತರ ಬೇಸಾಯ ಅನ್ನುತ್ತಾರೆ ಅಂತ ಕಲಿಯಬೇಕಿತ್ತು. ಒಂದು ದಿನ ತೊಗರಿ ಗಿಡ ತಂದು ತೋರಿಸಿದೆ. ಸೊಂಪಾಗಿ ಹಸಿರಾಗಿತ್ತು, ಹೂವಿಲ್ಲ, ಕಾಯಿಲ್ಲ. “ಗೊಡ್ಡು ಬಿದ್ದೈತಿ” ಅಂದರು ಅಜ್ಜಿ. ಕೃಷಿ ಪುಸ್ತಿಕೆ ತೆಗೆದು ನೋಡಿದರೆ ಅದರಲ್ಲೂ ಗೊಡ್ಡು ರೋಗ ಅಂತಲೇ ಇತ್ತು. ಹುಡುಗಿ ಆ ಪುಟ ಅಜ್ಜಿಗೆ ಹಿಡಿದು ತೋರಿಸಿದಳು. ಅಜ್ಜಿಗೆ ಓದಲು ಬರುವುದಿಲ್ಲ. ಆ ಅಕ್ಷರಗಳ ಮೇಲೆ ಬೆರಳಾಡಿಸಿ, “ನಾವು ಅನ್ನೂದ ಬರದಾರೇನು?” ಅಂತ ಮೂರು ಸಲ ಕೇಳಿದರು.

ಅವಳಿಗೆ ಸೀಟು ಸಿಕ್ಕಿತು. ಈಗ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿದ್ದಾಳೆ. ಹೋದ ಸೀಗಿ ಹುಣ್ಣಿಮೆಗೆ ಬಂದವಳು ಬೆಳಗ್ಗೆ ಎಲ್ಲರ ಜೊತೆ ಚರಗ ಚೆಲ್ಲಿ, ಸಂಜೆ ಬೇವಿನ ಕಟ್ಟೆ ಮೇಲೆ ತನ್ನ ತಟ್ಟೆಗಳನ್ನು ಜೋಡಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಜ್ಜಿ.

ಈ ವರ್ಷಕ್ಕೆ 31 ಫೈಲು ಬೇಕಾಗಿವೆ. ಮರುಪರೀಕ್ಷೆಯ ಫಲಿತಾಂಶ ಸೇರಿದರೆ ಇನ್ನೆರಡು ಜಾಸ್ತಿ ಆಗಬಹುದು. ಆರು ಮಕ್ಕಳ 371(ಜೆ) ಪ್ರಮಾಣಪತ್ರ ಇನ್ನೂ ಬಾಕಿ ಇದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಅವರನ್ನು ಕರೆದುಕೊಂಡು ಉಪವಿಭಾಗಾಧಿಕಾರಿ (ಎಸಿ) ಕಚೇರಿಗೆ ಹೊರಟಿದ್ದೇನೆ. ಅದರಲ್ಲಿ ಒಬ್ಬಳು ಆ ಮೆಮೆಂಟೊ ತಾಯಿಯ ಎರಡನೇ ಮಗಳು. ಅವಳ ನಾಲ್ಕೂ ಕಾಗದಗಳಲ್ಲಿ ಅಪ್ಪನ ಹೆಸರು ಒಂದೇ ಥರ ಇದೆ. ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ.