ಬಿರುಗಾಳಿಯ ಋತುವಿಗೆ ಮುನ್ನ ಅಂಗಡಿ, ಗೋದಾಮುಗಳನ್ನು ಸಜ್ಜುಗೊಳಿಸುವುದು ಹೇಗೆ?

ಬಿರುಗಾಳಿಯ ಮುನ್ಸೂಚನೆ ಬಂದಾಗ ವ್ಯಾಪಾರಸ್ಥರ ಕಣ್ಣು ಮೊದಲು ಹೋಗುವುದು ಅಂಗಡಿಯ ಮುಂಭಾಗದ ಗಾಜಿನ ಕಡೆಗೆ. ಅದಕ್ಕಿಂತ ಮೊದಲು ನೋಡಬೇಕಾದವು ಚಾವಣಿ ಮತ್ತು ಶಟರ್. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಗಂಟೆಗೆ 60 ಕಿ.ಮೀ. ಗಾಳಿಗೆ ಅಲುಗದ ಶೀಟು 120 ಕಿ.ಮೀ. ಗಾಳಿಗೂ ನಿಂತೀತು ಎಂದು ನಂಬುವಂತಿಲ್ಲ. ಚಾವಣಿಯ ಮೇಲೆ ಹಾಯುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಈ ಸೆಳೆತ ಅಂಚು ಮತ್ತು ಮೂಲೆಗಳಲ್ಲಿ ಹೆಚ್ಚು. ಅದೇ ಹೊತ್ತಿಗೆ ಶಟರ್ ಕಿತ್ತುಬಂದರೆ ಗಾಳಿ ಒಳಗೆ ತುಂಬಿಕೊಂಡು ಕೆಳಗಿನಿಂದಲೂ ನೂಕುತ್ತದೆ, ಚಾವಣಿ ಹಾರಿಹೋಗುವುದು ಬಹುತೇಕ ಆಗಲೇ. ಶಟರನ್ನು ಭದ್ರಪಡಿಸುವುದೆಂದರೆ ಚಾವಣಿಯನ್ನೂ ಕಾಯ್ದುಕೊಂಡಂತೆ.

ಋತು ಆರಂಭವಾಗುವುದಕ್ಕೆ ಒಂದು ತಿಂಗಳ ಮುಂಚೆಯೇ ಕೆಲಸ ಹಿಡಿಯುವುದು ಲೇಸು. ಎಚ್ಚರಿಕೆ ಹೊರಬಿದ್ದ ಮೇಲೆ ವೆಲ್ಡಿಂಗ್‌ನವರೂ ಬಡಗಿಗಳೂ ಕೈಗೆ ಸಿಗುವುದಿಲ್ಲ.

ಚಾವಣಿ ಮತ್ತು ತಾರಸಿ

ತಗಡಿನ ಚಾವಣಿಯಾದರೆ ಒಂದೊಂದು ಸ್ಕ್ರೂವನ್ನೂ ಹತ್ತಿರದಿಂದ ನೋಡಬೇಕು. ಸ್ಕ್ರೂ ತಲೆಯ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವ ಸ್ಥಿತಿಗೆ ಬಂದಿದ್ದರೆ ಅದನ್ನು ಬದಲಿಸಬೇಕು. ಶೀಟಿನಲ್ಲಿರುವ ತೂತು ದುಂಡಗಿರುವ ಬದಲು ಉದ್ದಕ್ಕೆ ಹಿಗ್ಗಿದ್ದರೆ ಆ ಶೀಟು ಈಗಾಗಲೇ ಅಲುಗಾಡುತ್ತಿದೆ ಎಂದೇ ಅರ್ಥ. ಹಳೆಯ ಸ್ಕ್ರೂವನ್ನು ಬಿಗಿ ಮಾಡಿ ಪ್ರಯೋಜನವಿಲ್ಲ, ದಪ್ಪ ಸ್ಕ್ರೂ ಮತ್ತು ಅಗಲದ ವಾಷರ್ ಹಾಕಿಸಬೇಕು. ಅಂಚು ಮತ್ತು ಮೂಲೆಗಳಲ್ಲಿ ಸ್ಕ್ರೂಗಳ ನಡುವಿನ ಅಂತರವನ್ನೂ ಕಡಿಮೆ ಮಾಡಿಸುವುದು ಒಳ್ಳೆಯದು. ಹಳೆಯ ಸಿಮೆಂಟ್ ಶೀಟುಗಳ ಮೇಲೆ ನೇರವಾಗಿ ಕಾಲಿಡಬಾರದು. ಅವು ಹೊರಗೆ ಗಟ್ಟಿಯಾಗಿ ಕಂಡರೂ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಕಾಂಕ್ರೀಟ್ ತಾರಸಿಗೆ ಗಾಳಿಗಿಂತ ನೀರಿನದೇ ಚಿಂತೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. 200 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಸುರಿದರೆ 10,000 ಲೀಟರ್, ಅಂದರೆ 10 ಟನ್ ತೂಕ. ನೀರು ಇಳಿಯುವ ಕೊಳವೆಯ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಈ ಭಾರವನ್ನೆಲ್ಲ ಕಟ್ಟಡವೇ ಹೊರಬೇಕಾಗುತ್ತದೆ. ಪ್ರತಿ ಕೊಳವೆಗೂ ಒಂದು ಬಕೆಟ್ ನೀರು ಸುರಿದು, ಅದು ಕೆಳಗೆ ಸರಾಗವಾಗಿ ಬರುತ್ತದೆಯೇ ಎಂದು ಒಬ್ಬರು ನಿಂತು ನೋಡಲಿ.

ತಾರಸಿಯ ಮೇಲಿರುವ ಖಾಲಿ ಡ್ರಮ್ಮು, ಮುರಿದ ಕುರ್ಚಿ, ಉಳಿದ ಶೀಟುಗಳೆಲ್ಲ ಬಿರುಗಾಳಿಯಲ್ಲಿ ಪಕ್ಕದವರ ಗಾಜಿಗೆ ಹೊಡೆಯುವ ಕಲ್ಲುಗಳಾಗುತ್ತವೆ, ಅವುಗಳನ್ನು ಇಳಿಸಿಬಿಡಬೇಕು. ಪ್ಲಾಸ್ಟಿಕ್ ನೀರಿನ ಟ್ಯಾಂಕನ್ನು ಮಾತ್ರ ಖಾಲಿ ಮಾಡಬಾರದು. 1,000 ಲೀಟರ್ ತುಂಬಿದ ಟ್ಯಾಂಕು ಒಂದು ಟನ್ ತೂಗುತ್ತದೆ, ಖಾಲಿ ಟ್ಯಾಂಕು ಉರುಳಿ ಹೋಗುತ್ತದೆ. ಬಟ್ಟೆಯ ಬ್ಯಾನರುಗಳು ಹಾಯಿಯಂತೆ ಗಾಳಿ ಹಿಡಿದು ತಮ್ಮ ಕಂಬವನ್ನೇ ಎಳೆದುಹಾಕುವುದರಿಂದ ಅವನ್ನು ಬಿಚ್ಚಿಡಬೇಕು. ನಾಮಫಲಕದ ಬೋಲ್ಟು ಮತ್ತು ಬೆಸುಗೆಗಳನ್ನೂ ಒಮ್ಮೆ ಪರಿಶೀಲಿಸಿ.

ಶಟರ್ ಮತ್ತು ಗಾಜು

ಶಟರ್ ಅಗಲವಾದಷ್ಟೂ ಗಾಳಿಗೆ ನಡುವೆ ಹೊಟ್ಟೆ ಬಿಟ್ಟುಕೊಂಡು, ಪಟ್ಟಿಗಳ ತುದಿಗಳು ಇಕ್ಕೆಲದ ಹಳಿಗಳಿಂದ ಕಳಚಿಕೊಳ್ಳುತ್ತವೆ. ಅಗಲದ ಶಟರಿನ ಹಿಂದೆ, ಬೇಕಾದಾಗ ನಿಲ್ಲಿಸಿ ಉಳಿದ ದಿನಗಳಲ್ಲಿ ತೆಗೆದಿಡಬಹುದಾದ ಒಂದು ಕಬ್ಬಿಣದ ಕಂಬವನ್ನು ಅಳವಡಿಸಿಕೊಂಡರೆ ಈ ಬಾಗುವಿಕೆಗೆ ತಡೆ ಬೀಳುತ್ತದೆ. ಆ ಕಂಬದ ಬುಡ ಮತ್ತು ತುದಿ ನೆಲಕ್ಕೂ ತೊಲೆಗೂ ಗಟ್ಟಿಯಾಗಿ ಕೂರುವಂತಿರಬೇಕು.

ಗಾಜಿನ ಮೇಲೆ ಅಡ್ಡಾದಿಡ್ಡಿ ಟೇಪು ಅಂಟಿಸುವುದರಿಂದ ಗಾಜು ಗಟ್ಟಿಯಾಗುವುದಿಲ್ಲ, ಒಡೆದಾಗ ಬೀಳುವ ತುಂಡುಗಳು ಇನ್ನೂ ದೊಡ್ಡದಾಗುತ್ತವೆ, ಅಷ್ಟೆ. 15 ಮಿ.ಮೀ.ಗೆ ಕಡಿಮೆಯಿಲ್ಲದ ಪ್ಲೈವುಡ್ ಹಲಗೆಗಳನ್ನು ಮೊದಲೇ ಅಳತೆಗೆ ಕೊಯ್ಸಿ, ತೂತು ಕೊರೆಸಿ, ಯಾವ ಕಿಟಕಿಗೆ ಯಾವುದು ಎಂದು ಸಂಖ್ಯೆ ಬರೆದಿಟ್ಟುಕೊಂಡರೆ ಎಚ್ಚರಿಕೆ ಬಂದ ದಿನ ಗಡಿಬಿಡಿಯಿರುವುದಿಲ್ಲ. ಒಳಗಿನ ಒತ್ತಡ ಸಮನಾಗಲೆಂದು ಕಿಟಕಿ ತೆರೆದಿಡಬೇಕೆಂಬ ಹಳೆಯ ಮಾತನ್ನು ಕೇಳಬೇಡಿ. ಗಾಳಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ನೆಲಮಟ್ಟದ ನೀರು ಮತ್ತು ದಾಸ್ತಾನು

ಮರಳಿನ ಚೀಲವನ್ನು ಬಾಯಿತುಂಬ ತುಂಬಿದರೆ ಅದು ಕಲ್ಲಿನಂತಾಗಿ ಚೀಲಗಳ ನಡುವೆ ಸಂದು ಉಳಿಯುತ್ತದೆ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ ಜೋಡಿಸಿ, ತುಳಿದು ಕೂರಿಸಬೇಕು. ಬಾಗಿಲು ಮುಚ್ಚಿದರೂ ಶೌಚಾಲಯದ ಕೊಳವೆಯಿಂದ ಚರಂಡಿ ನೀರು ಒಳಗೆ ಉಕ್ಕುವುದುಂಟು, ಅದಕ್ಕೆ ಹಿಂದೆ ಹರಿಯದಂತೆ ತಡೆಯುವ ವಾಲ್ವ್ ಹಾಕಿಸಬೇಕು. ದಾಸ್ತಾನನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ. ಹಿಂದೊಮ್ಮೆ ನೀರು ನಿಂತ ಗುರುತು ಗೋಡೆಯ ಮೇಲಿದ್ದರೆ ಅದಕ್ಕಿಂತ ಮೇಲಿರಲಿ. ರಾಸಾಯನಿಕಗಳಿಗೆ ಎಲ್ಲಕ್ಕಿಂತ ಎತ್ತರದ ಜಾಗ ಕೊಡಬೇಕು.

ವಿದ್ಯುತ್

ಅಂಗಡಿ ಮುಚ್ಚುವಾಗ ಯಂತ್ರಗಳ ಪ್ಲಗ್ ಕಿತ್ತು, ನೀರು ಬರುವ ಮೊದಲೇ ಮುಖ್ಯ ಸ್ವಿಚ್ ಆರಿಸಬೇಕು. ನೀರಿನಲ್ಲಿ ನಿಂತು ಅದನ್ನು ಮುಟ್ಟುವಂತಿಲ್ಲ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಅದನ್ನು ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿಡಬೇಕು. ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ನಡೆಸಿದರೆ ವಿದ್ಯುತ್ ಹೊರಗಿನ ತಂತಿಗೂ ಹರಿದು, ಅದನ್ನು ಸರಿಪಡಿಸುತ್ತಿರುವ ಲೈನ್‌ಮನ್‌ನ ಜೀವಕ್ಕೆ ಕುತ್ತು. ಹೊರಗಿನ ಲೈನು ಇಲ್ಲವೇ ಜನರೇಟರು, ಒಮ್ಮೆಗೆ ಒಂದನ್ನು ಮಾತ್ರ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಜೋಡಿಸಲೇಬಾರದು. ತುಂಬಿದ ಡೀಪ್ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಣ್ಣಗಿರುತ್ತದೆ.

ಕಾಗದಪತ್ರ ಮತ್ತು ಸಿಬ್ಬಂದಿ

ಕಪಾಟು, ಯಂತ್ರ, ಸರಕು ಎಲ್ಲದರ ಫೋಟೊ ಮತ್ತು ಪಟ್ಟಿಯನ್ನು ಕಟ್ಟಡದ ಹೊರಗೆ ಇನ್ನೊಂದೆಡೆ ಇಡಿ. ಲೆಕ್ಕದ ಕಡತಗಳ ಒಂದು ಪ್ರತಿಯೂ ಅಲ್ಲಿರಲಿ. ವಿಮೆಯ ಪತ್ರವನ್ನು ಈಗಲೇ ಓದುವುದು ಜಾಣತನ, ಏಕೆಂದರೆ ಬಿರುಗಾಳಿಗೆ ಪರಿಹಾರ ಕೊಡುವ ಪಾಲಿಸಿಯೂ ನೆರೆಹಾನಿಯನ್ನು ಕೆಲವೊಮ್ಮೆ ಹೊರಗಿಟ್ಟಿರುತ್ತದೆ. ಅಂಗಡಿ ಮುಚ್ಚುವ ತೀರ್ಮಾನ ಯಾರದು, ಯಾರು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಕಾಗದದಲ್ಲಿ ಬರೆದಿಡಿ. ಸರಕು ಕಾಯಲೆಂದು ರಾತ್ರಿ ಒಬ್ಬರನ್ನು ಒಳಗೆ ಬಿಟ್ಟುಹೋಗುವ ಪದ್ಧತಿಯನ್ನಂತೂ ನಿಲ್ಲಿಸಲೇಬೇಕು.

ಗಾಳಿ ನಿಂತ ಮೇಲೆ

ಚಂಡಮಾರುತದ ಕಣ್ಣು ಹಾದುಹೋಗುವಾಗ ಗಾಳಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಅಷ್ಟೇ ಬಿರುಸಾಗಿ ಬೀಸುವುದರಿಂದ ಅಧಿಕೃತ ಪ್ರಕಟಣೆ ಬರುವವರೆಗೆ ಹೊರಡಬಾರದು. ಹಿಂದಿರುಗಿದ ಮೇಲೆ, ಏನನ್ನೂ ಎತ್ತಿಡುವ ಮುಂಚೆ ಹಾನಿಯ ಫೋಟೊ ತೆಗೆದುಕೊಳ್ಳಿ. ನೀರು ತಾಗಿದ ವೈರಿಂಗನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸದೆ ಮುಖ್ಯ ಸ್ವಿಚ್ ಹಾಕಬೇಡಿ. ಒದ್ದೆಯಾದ ವಸ್ತುಗಳಿಗೆ 24ರಿಂದ 48 ಗಂಟೆಗಳಲ್ಲಿ ಬೂಷ್ಟು ಹಿಡಿಯತೊಡಗುವುದರಿಂದ ಮೊದಲ ದಿನವೇ ಬಾಗಿಲು ಕಿಟಕಿ ತೆರೆದು ಒಣಗಿಸಲು ಆರಂಭಿಸಿ. ಹಾಳಾದ ಸರಕನ್ನು ಮಾತ್ರ ವಿಮೆಯ ಸರ್ವೇಯರ್ ಬಂದು ನೋಡುವವರೆಗೆ ಒಂದು ಮೂಲೆಯಲ್ಲಿ ಬೇರೆಯಾಗಿ ಇಟ್ಟಿರಿ.