ಹಕ್ಕಿಗೆ ನೀರಿಡ್ತೀರಾ? ಮೊದ್ಲು ತಟ್ಟೆ ಉಜ್ಜಿ

ಮಾರ್ಚ್ ಬಂತಂದ್ರೆ ಶಿವಮೊಗ್ಗದ ವಿನೋಬನಗರ, ಗೋಪಾಳ ಎಲ್ಲಿ ನೋಡಿದ್ರೂ ಟೆರೇಸ್ ಮೇಲೆ ಹಕ್ಕಿಗೆ ನೀರು. ಇಡೋರು ಬೇಕಾದಷ್ಟು ಜನ, ತೊಳೆಯೋರು ಕಮ್ಮಿ. ನೀರು ತಳ ಕಂಡ್ರೆ ಮೇಲಿಂದ ಒಂದು ಚೊಂಬು ಸುರಿದ್ರೆ ಮುಗೀತು ಅಂತಾರೆ. ಕಾಡಲ್ಲಿ ಚದುರಿಕೊಂಡು ಮೇಯೋ ಹಕ್ಕಿಗಳು ಊರಲ್ಲಿ ಒಂದೇ ತಟ್ಟೆಗೆ ಮುಗಿಬೀಳ್ತವೆ, ರೋಗ ಹರಡೋಕೆ ಅಷ್ಟು ಸಾಕು. ಪಾರಿವಾಳದ ಗಂಟಲಲ್ಲಿ ಟ್ರೈಕೊಮೊನಾಸ್ ಅನ್ನೋ ಪರಾವಲಂಬಿ ಇರುತ್ತೆ, ಎಷ್ಟೋ ಸಲ ಪಾರಿವಾಳಕ್ಕೇನೂ ಆಗಿರಲ್ಲ, ಆದ್ರೆ ಜೊಲ್ಲಿನ ಜೊತೆ ನೀರಿಗಿಳಿದು ಬೇರೆ ಹಕ್ಕಿಗೆ ಹತ್ತಿದ್ರೆ ಗಂಟಲು ಕಟ್ಟಿ, ನುಂಗೋಕಾಗ್ದೆ ಸಾಯ್ತವೆ. ಬ್ರಿಟನ್ನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಹಕ್ಕಿಗಳು ಲಕ್ಷಗಟ್ಟಲೆ ಕಮ್ಮಿ ಆಗಿದ್ದು ಇದೇ ರೋಗದಿಂದ.

ಹಂತ 1: ತಟ್ಟೆ. ಪಿಂಗಾಣಿದೇ ತಗೊಳ್ಳಿ, ಅಗಲ ಇರ್ಲಿ, ಆಳ ಬೇಡ. ಎಲ್ಲರೂ ಹೊಗಳೋ ಮಣ್ಣಿನ ತಟ್ಟೆ ನಂಗಂತೂ ಬೇಡ, ನೀರು ತಣ್ಣಗಿರುತ್ತೆ ನಿಜ, ಆದ್ರೆ ಅದರ ಸಣ್ಣ ಸಣ್ಣ ತೂತಲ್ಲಿ ಕೂತ ಲೋಳೆ ಎಷ್ಟುಜ್ಜಿದ್ರೂ ಬರಲ್ಲ.

ಹಂತ 2: ನೆರಳಲ್ಲಿಡಿ, ಪಾರಿವಾಳ ಕೂರೋ ಸಜ್ಜದ ಕೆಳಗೆ ಬೇಡ, ಹಿಕ್ಕೆ ಬೀಳುತ್ತೆ.

ಹಂತ 3: ತೊಳೆಯೋದು. ಜನ ಎಡವೋದು ಇಲ್ಲೇ. ಹಳೇ ನೀರನ್ನ ಗಿಡದ ಬುಡಕ್ಕೆ ಚೆಲ್ಲಿ, ಆಮೇಲೆ ಬೆರಳಲ್ಲಿ ತಟ್ಟೆಯ ಒಳಗೋಡೆ ಸವರಿ ನೋಡಿ, ಜಾರಿದ್ರೆ ಅದೇ ಲೋಳೆ. ಸೋಪಿನ ನೀರು ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಅಂಚಿನ ಕೆಳಗಡೆಯೂ ಸೇರಿಸಿ, ಬೆರಳು ಕಿರ್ ಅನ್ನೋವರೆಗೂ ಬಿಡ್ಬೇಡಿ. ಇಷ್ಟಾದ ಮೇಲೇ ಬ್ಲೀಚ್, ಯಾಕಂದ್ರೆ ಕೊಳೆ ಮೇಲೆ ಬ್ಲೀಚ್ ಸುರಿದ್ರೆ ಅದರ ಶಕ್ತಿ ಕೊಳೆಗೇ ಖರ್ಚಾಗೋಗುತ್ತೆ. ಲಿಕ್ವಿಡ್ ಬ್ಲೀಚ್ 1 ಪಾಲು, ನೀರು 9 ಪಾಲು, 10 ನಿಮಿಷ ನೆನೆಸಿ. ಬಾವಿಗೆ ಹಾಕೋಕೆ ತಂದು ಬಾಯಿ ತೆರೆದಿಟ್ಟಿದ್ದ ಬ್ಲೀಚಿಂಗ್ ಪೌಡರ್ ನೆಚ್ಚಬೇಡಿ, ಅದರ ಸತ್ವ ಹೋಗಿರುತ್ತೆ. ಬ್ಲೀಚನ್ನ ಟಾಯ್ಲೆಟ್ ಕ್ಲೀನರ್ ಜೊತೆ ಅಂತೂ ಸೇರಿಸಲೇಬೇಡಿ, ವಿಷದ ಗ್ಯಾಸ್ ಬರುತ್ತೆ. ವಾಸನೆ ಹೋಗೋವರೆಗೂ ತೊಳೆದು ಬಿಸಿಲಿಗೆ ಬೋರಲು ಹಾಕಿ. ಪೂರ್ತಿ ಒಣಗ್ಲೇಬೇಕು, ಒಣಗಿದ್ರೆ ಟ್ರೈಕೊಮೊನಾಸ್ ಬದುಕಲ್ಲ. ಎರಡು ತಟ್ಟೆ ಇಟ್ಕೊಂಡ್ರೆ ಸುಲಭ, ಒಂದು ಒಣಗ್ತಿರುತ್ತೆ, ಒಂದು ಹಕ್ಕಿಗೆ. ಬ್ಲೀಚ್ ವಾರಕ್ಕೊಮ್ಮೆ ಸಾಕು, ನೀರು ಮಾತ್ರ ದಿನಾ ಬದಲಾಯಿಸಿ. ನಿಂತ ನೀರಲ್ಲಿ ಸೊಳ್ಳೆ ಹುಟ್ಟುತ್ತೆ, ಹಕ್ಕಿ ಸಿಡುಬು ಸೊಳ್ಳೆಯಿಂದಲೂ ಹರಡುತ್ತೆ. ಕಾಲು, ಕಣ್ಣಿನ ಸುತ್ತ ಗಂಟು ಗಂಟಾಗಿರೋ ಪಾರಿವಾಳ ಕಂಡ್ರೆ ಅದೇ ಇರಬಹುದು.

ಹಾಗಂತ ಹಕ್ಕಿಗಳ ಆರೋಗ್ಯಕ್ಕೆ ಊರು ಅಂದ್ರೆ ಬರೀ ಕೆಟ್ಟದ್ದು ಅಂತಲೂ ಅಲ್ಲ. ಯುರೋಪಿನ ಊರುಗಳಲ್ಲಿರೋ ಬ್ಲ್ಯಾಕ್‌ಬರ್ಡ್ ಹಕ್ಕಿಗಳ ಮೈಮೇಲೆ ಕಾಡಿನವಕ್ಕಿಂತ ರಕ್ತ ಹೀರೋ ಉಣ್ಣೆ ಹುಳ ಕಮ್ಮಿ.

ಹಂತ 4: ಕಾಳು. ಅವತ್ತು ಖಾಲಿ ಆಗೋವಷ್ಟೇ ಹಾಕಿ. ಮಳೆಗಾಲದಲ್ಲಿ ಹಾಕ್ಲೇಬೇಡಿ, ನಮ್ಮ ಮಳೆಗೆ ಸಂಜೆಯೊಳಗೆ ಬೂಸ್ಟು.

ಹಂತ 5: ಗರಿ ಉಬ್ಬಿಸಿಕೊಂಡು, ಹತ್ರ ಹೋದ್ರೂ ಹಾರದೆ ಕೂತಿರೋ ಹಕ್ಕಿ ಕಂಡ್ರೆ ನೀರು, ಕಾಳು ಎರಡನ್ನೂ ಎತ್ತಿಡಿ, ಎರಡು ವಾರವಾದ್ರೂ. ಪಾಪ ಅಂತ ಮುಂದುವರಿಸಿದ್ರೆ ಉಳಿದವಕ್ಕೂ ಹತ್ತುತ್ತೆ. ಸತ್ತ ಹಕ್ಕಿನ ಬರಿಗೈಲಿ ಮುಟ್ಬೇಡಿ. ಒಂದೇ ಕಡೆ ನಾಲ್ಕೈದು ಬಿದ್ದಿದ್ರೆ ಹೂಳೋದಕ್ಕೆ ಮುಂಚೆ ಪಶು ಆಸ್ಪತ್ರೆಗೆ ಒಂದು ಫೋನ್ ಮಾಡಿ, ಹಕ್ಕಿ ಜ್ವರ ಇದ್ರೂ ಇರಬಹುದು.