ಕುರಿಗೆ ನೆಕ್ಕೋ ಗಟ್ಟಿ ನಾನೇ ಮಾಡಿದ್ದು: ನನ್ನ ಅನುಭವ

ಕುರಿಗೆ ಉಪ್ಪು, ಖನಿಜ (ಮಿನರಲ್) ಸಿಗ್ಲಿ ಅಂತ ನೆಕ್ಕೋಕೆ ಇಡೋ ಗಟ್ಟಿ ಮಾಡೋಕೆ, ರೊಪ್ಪದ ಮುಂದೆ ಬಾಣಲೆ ಇಟ್ಕೊಂಡು ಬೆಲ್ಲ ಕರಗಿಸ್ತಿದ್ರೆ ನಮ್ಮ ದೊಡ್ಡಪ್ಪ "ಏನಲೇ, ಕುರಿಗೆ ಮಿಠಾಯಿ ಅಂಗಡಿ ಇಡ್ತೀಯೇನು" ಅಂತ ನಕ್ಕಿದ್ರು. ಈಗ ಅವ್ರ ಮಂದೇಲೂ ನನ್ನ ಗಟ್ಟಿನೇ ನೇತಾಡ್ತಿದೆ, ದುಡ್ಡು ತಗೊಂಡೇ ಕೊಟ್ಟಿದ್ದೀನಿ.

ನಮ್ದು ಚಳ್ಳಕೆರೆ ಕಡೆ, 50 ಚಿಲ್ಲರೆ ಕುರಿ. ಬೇಸಿಗೇಲಿ ಕಾವಲಲ್ಲಿ, ಅಂದ್ರೆ ಕುರಿ ಮೇಯೋ ಬಯಲಲ್ಲಿ, ಏನಿರುತ್ತೆ ಅಂತ ನಿಮ್ಗೇ ಗೊತ್ತು. ಮರಿಗಳು ಒಂದರ ಉಣ್ಣೆ ಒಂದು ಕಿತ್ತು ತಿನ್ನೋವು, ಒಂದು ಕುರಿಯಂತೂ ಒಣಗಿದ ಮೂಳೆ ಬಾಯಲ್ಲಿಟ್ಕೊಂಡು ಕಟಕಟ ಕಡೀತಾ ನಿಂತಿರೋದು, ಬೆದೆಗೆ ಬರೋದೂ ತಡ ಆಯ್ತು.

ಮೊದ್ಲು ಮಾಡಿದ ದಡ್ಡತನ ಹೇಳ್ತೀನಿ. ಮನೇಲಿ ಹಸುಗೆ ತಂದಿದ್ದ ಮಿನರಲ್ ಪೌಡರ್ ಇತ್ತಲ್ಲ, ಅದನ್ನೇ ತೌಡಿಗೆ ಕಲಸಿ ಕುರಿಗೂ ಹಾಕ್ದೆ, ಎರಡು ಮೂರು ತಿಂಗಳು ಏನೂ ಆಗ್ಲಿಲ್ಲ, ಆಮೇಲೆ ಒಂದೇ ವಾರದಲ್ಲಿ ಮೂರು ಕುರಿ ಹೋದ್ವು. ಕಣ್ಣು ಅರಿಶಿನ, ಉಚ್ಚೆ ಡಿಕಾಕ್ಷನ್ ಬಣ್ಣ. ಡಾಕ್ಟ್ರು ಬಂದು ನೋಡಿ, ಹಸು ಪೌಡರ್‌ನಲ್ಲಿ ತಾಮ್ರ ಜಾಸ್ತಿ, ಕುರಿ ಲಿವರ್‌ನಲ್ಲಿ ಸೇರ್ಕೊಂಡು ಸೇರ್ಕೊಂಡು ಒಂದಿನ ಹಿಂಗೆ ಹೊಡೆಯುತ್ತೆ ಅಂದ್ರು. 30 ಸಾವಿರ ಹತ್ರ ಲಾಸು.

ಆಮೇಲೆ ಹತ್ತು ಕುರಿಗೆ ಕೆಂಪು ಬಣ್ಣ ಹಚ್ಚಿ ಬೇರೆ ಕಟ್ಟಿ ಬರೀ ಕಲ್ಲುಪ್ಪು ಇಟ್ಟು ನೋಡ್ದೆ. ಗೋಡೆ ನೆಕ್ಕೋದು ನಿಲ್ತು, ಮೂಳೆ ಕಡಿಯೋದು ನಿಲ್ಲಲಿಲ್ಲ, ಅದು ರಂಜಕದ (ಫಾಸ್ಫರಸ್) ಕೊರತೆ, ಉಪ್ಪಲ್ಲಿ ಎಲ್ಲಿಂದ ಬರ್ಬೇಕು. ಅಂಗಡೀಲಿ ಸಿಗೋ ನೆಕ್ಕೋ ಇಟ್ಟಿಗೆ ತಂದೆ, 2 ಕೇಜಿದು 180 ಏನೋ ಕೊಟ್ಟ ನೆನಪು, ಒಂದು ಮಳೆಗೆ ಕರಗಿ ಗೊಬ್ಬರಕ್ಕೆ ಸೇರ್ತು.

ಈಗಿನ ಲೆಕ್ಕ, 10 ಕೇಜಿಗೆ: ಬೆಲ್ಲ ಮೂರೂವರೆ, ತೌಡು ಮೂರು, ತಾಮ್ರ ಇಲ್ದಿರೋ ಕುರಿ ಮಿನರಲ್ ಒಂದೂವರೆ, ಉಪ್ಪು ಒಂದು, ಸಿಮೆಂಟು ಒಂದು. ಎರಡು ಕೇಜಿ ಗಟ್ಟಿ ನೂರು ರೂಪಾಯಿ ಒಳಗೇ ಬೀಳುತ್ತೆ. ಮೊದಲ್ನೇ ಸಲ ಬೆಲ್ಲ ಜಾಸ್ತಿಯಾಗಿ ಮೆತ್ತಗಾಯ್ತು, ಕುರಿ ನೆಕ್ಕೋ ಬದ್ಲು ಕಚ್ಚಿ ತಿಂದ್ವು, ಇರುವೆ ಬೇರೆ. ಎರಡನೇ ಸಲ ಸಿಮೆಂಟು ಜಾಸ್ತಿ, ಕಲ್ಲಾಯ್ತು, ಮೂಸಿ ಹೋದ್ವು. ಯೂರಿಯಾ ಹಾಕು ಅಂದೋರಿದ್ರು, ಮರಿ ಇರೋ ಮಂದೇಲಿ ನನ್ಗೆ ಧೈರ್ಯ ಬರ್ಲಿಲ್ಲ. ಒಣಗಿಸೋವಾಗ ಮಾಡೋ ಒಂದು ಕೆಲ್ಸ ಇದೆ, ಅದು ಮಾತ್ರ ಕೇಳ್ಬೇಡಿ.

ನಾಲ್ಕೈದು ತಿಂಗಳಿಗೆ ಉಣ್ಣೆ ತಿನ್ನೋದು ಪೂರ್ತಿ ನಿಂತಿದೆ, ಈ ಸಲ ಈದದ್ದು ಹೋದ ಸಲಕ್ಕಿಂತ ಹದಿನೈದು ಮರಿ ಜಾಸ್ತಿ. ಗಟ್ಟೀನ ಕುರಿ ಮೂತಿ ಎತ್ತರಕ್ಕೆ ನೇತುಹಾಕಿ, ನೆಲಕ್ಕಿಟ್ರೆ ಹಿಕ್ಕೆ ಮೆತ್ಕೊಂಡು ಒಂದೂ ಮುಟ್ಟಲ್ಲ.